ಟಿಸಿಯ ಟ್ಯಾಪ್ ಹಿಡಿಕೆ: ತಿರುಗಿಸಿದಾಗ ಒಳಗೆ ಆಗುವುದೇನು, ಯಾವಾಗ ತಿರುಗಿಸಬಾರದು

ನಮ್ಮ ಕಡೆ ಎಲ್ಲರೂ ಟಿಸಿ ಎಂದೇ ಕರೆಯುವ ವಿತರಣಾ ಟ್ರಾನ್ಸ್‌ಫಾರ್ಮರ್ 250 ಕೆವಿಎಯದ್ದಾಗಿದ್ದರೆ, ಅದರ ತೊಟ್ಟಿಗೆ ಬಡಿದ ನಾಮಫಲಕವನ್ನು ಒಮ್ಮೆ ಹತ್ತಿರ ಹೋಗಿ ಓದಬೇಕು. ಕೆವಿಎ, ಇಂಪಿಡೆನ್ಸ್, ಎಣ್ಣೆ ಎಷ್ಟು ಲೀಟರ್, ತೂಕ ಎಷ್ಟು ಎಂಬುದರ ಜೊತೆಗೆ ಏಳು ಸಾಲಿನ ಒಂದು ಟ್ಯಾಪ್ ಪಟ್ಟಿ ಇರುತ್ತದೆ (ಟ್ಯಾಪ್ ಎಂದರೆ ಸುರುಳಿಯ ಸುತ್ತುಗಳನ್ನು ಹೆಚ್ಚು ಕಡಿಮೆ ಮಾಡುವ ಮೆಟ್ಟಿಲು). ಸಾಮಾನ್ಯವಾಗಿ ಅದು ಹೀಗಿರುತ್ತದೆ:

ಟ್ಯಾಪ್ 1 – 11,550 ವೋಲ್ಟ್
ಟ್ಯಾಪ್ 2 – 11,275
ಟ್ಯಾಪ್ 3 – 11,000
ಟ್ಯಾಪ್ 4 – 10,725
ಟ್ಯಾಪ್ 5 – 10,450
ಟ್ಯಾಪ್ 6 – 10,175
ಟ್ಯಾಪ್ 7 – 9,900

ಈ ಪಟ್ಟಿಯನ್ನು ತಲೆಕೆಳಗಾಗಿ ಓದುವವರು ಬಹಳ ಮಂದಿ. 11,550 ದೊಡ್ಡ ಅಂಕಿ, ಹಾಗಾಗಿ ಒಂದನೇ ಟ್ಯಾಪಿಗೆ ಹಾಕಿದರೆ ಮನೆಗಳಿಗೆ ಹೆಚ್ಚು ವೋಲ್ಟೇಜ್ ಬರುತ್ತದೆ ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಪಟ್ಟಿಯಲ್ಲಿರುವುದು ಹೊರಗೆ ಬರುವ ವೋಲ್ಟೇಜ್ ಅಲ್ಲ. ಎಚ್‌ಟಿ ಕಡೆ (11 ಕೆವಿ ಲೈನ್ ಬರುವ ಹೆಚ್ಚು ವೋಲ್ಟೇಜಿನ ಕಡೆ) ಎಷ್ಟು ವೋಲ್ಟ್ ಬಂದಾಗ ಎಲ್‌ಟಿ ಕಡೆ (ಮನೆಗಳಿಗೆ ಹೋಗುವ ಕಡಿಮೆ ವೋಲ್ಟೇಜಿನ ಕಡೆ) 433 ವೋಲ್ಟ್ ಸಿಗುತ್ತದೆ ಎಂಬ ಲೆಕ್ಕ. ಒಂದನೇ ಟ್ಯಾಪಿನಲ್ಲಿ 433 ಸಿಗಬೇಕಾದರೆ ಲೈನಿನಲ್ಲಿ 11,550 ಇರಬೇಕು. ಏಳನೆಯದರಲ್ಲಿ 9,900 ಇದ್ದರೂ ಅದೇ 433 ಸಿಗುತ್ತದೆ. ಆದ್ದರಿಂದ ಈ ಫಲಕದ ಪ್ರಕಾರ ಟ್ಯಾಪ್ ಸಂಖ್ಯೆ ಏರಿದಂತೆ ಮನೆಯ ವೋಲ್ಟೇಜ್ ಏರುತ್ತದೆ. ಮೆಟ್ಟಿಲುಗಳ ಸಂಖ್ಯೆ, ಅಂತರ ತಯಾರಕರಿಂದ ತಯಾರಕರಿಗೆ ಬೇರೆಯಾಗಬಹುದು. ನೆನಪಿನ ಮೇಲೆ ಹೋಗದೆ, ಮುಂದೆ ನಿಂತಿರುವ ಟಿಸಿಯ ಫಲಕವನ್ನೇ ಓದಿ.

ಇನ್ನೊಂದು ವಿಷಯವನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. 25, 63, 100 ಕೆವಿಎಯ ಸಣ್ಣ ಟಿಸಿಗಳಲ್ಲಿ ಸಾಮಾನ್ಯವಾಗಿ ಟ್ಯಾಪ್ ಇರುವುದೇ ಇಲ್ಲ. ಹೊಲದ ಬದಿಯ ಎರಡು ಕಂಬದ ಮೇಲಿನ 25 ಕೆವಿಎ ಟಿಸಿ ನೋಡಿ "ಟ್ಯಾಪ್ ಏರಿಸಿಕೊಡಿ ಸರ್" ಎಂದು ಕೇಳಿದರೆ ಲೈನ್‌ಮ್ಯಾನ್ ಏನೂ ಮಾಡಲಾರ. ಅಲ್ಲಿ ತಿರುಗಿಸಲು ಹಿಡಿಕೆಯೇ ಇಲ್ಲ.

ಸುತ್ತುಗಳ ಲೆಕ್ಕ

ನಮ್ಮ 11 ಕೆವಿ ಟಿಸಿಗಳಲ್ಲಿ ಎಚ್‌ಟಿ ವೈಂಡಿಂಗ್ ಡೆಲ್ಟಾ (ಮೂರು ಸುರುಳಿಗಳನ್ನು ತ್ರಿಕೋನದಂತೆ ಜೋಡಿಸಿದ್ದು), ಎಲ್‌ಟಿ ವೈಂಡಿಂಗ್ ಸ್ಟಾರ್ (ಮೂರರ ಒಂದೊಂದು ತುದಿಯನ್ನು ನ್ಯೂಟ್ರಲ್‌ನಲ್ಲಿ ಕೂಡಿಸಿದ್ದು). ಡೆಲ್ಟಾದಲ್ಲಿ ಒಂದೊಂದು ಸುರುಳಿಯ ಮೇಲೂ ಪೂರ್ತಿ 11,000 ವೋಲ್ಟ್ ಬೀಳುತ್ತದೆ. ಸ್ಟಾರ್ ಕಡೆ ಫೇಸಿನಿಂದ ಫೇಸಿಗೆ 433, ಫೇಸಿನಿಂದ ನ್ಯೂಟ್ರಲ್‌ಗೆ 250. ಎಂದರೆ ಕೋರಿನ (ಸುರುಳಿಗಳನ್ನು ಹೊತ್ತ ಕಬ್ಬಿಣದ ಚೌಕಟ್ಟಿನ) ಒಂದು ಕಾಲಿನ ಮೇಲಿನ ಎರಡು ಸುರುಳಿಗಳ ಅನುಪಾತ 11,000 ಭಾಗಿಸು 250, ಅಂದರೆ 44. ಈ 44 ಅನ್ನು ಮರೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಮನೆಗೆ ಬೇಕಾದದ್ದು 230–240, ಹಾಗಿರುವಾಗ 250 ಏಕೆ? ಆ 250 ಲೋಡ್ ಇಲ್ಲದಾಗಿನ ಅಂಕಿ. ಲೋಡ್ ಬಂದೊಡನೆ ಟಿಸಿಯ ಒಳಗೇ ಸ್ವಲ್ಪ ವೋಲ್ಟೇಜ್ ಇಳಿಯುತ್ತದೆ. 250 ಕೆವಿಎ ಟಿಸಿಯ ಇಂಪಿಡೆನ್ಸ್, ಅಂದರೆ ಕರೆಂಟಿಗೆ ಒಳಗಿರುವ ಒಟ್ಟು ಅಡ್ಡಿ, ಶೇ. 4.5. ಅದರಲ್ಲಿ ರೆಸಿಸ್ಟೆನ್ಸ್ ಶೇ. 1.2ರ ಆಸುಪಾಸು, ರಿಯಾಕ್ಟೆನ್ಸ್ (ಸುರುಳಿಯ ಕಾಂತೀಯ ಗುಣದಿಂದ ಬರುವ ಅಡ್ಡಿ) ಶೇ. 4.3ರಷ್ಟು; ಇವೆರಡು ನೇರವಾಗಿ ಕೂಡುವುದಿಲ್ಲ, ಲಂಬಕೋನದಲ್ಲಿ ಕೂಡುತ್ತವೆ. ಪೂರ್ಣ ಲೋಡ್, ಪವರ್ ಫ್ಯಾಕ್ಟರ್ (ಹರಿಯುವ ಕರೆಂಟಿನಲ್ಲಿ ನಿಜವಾದ ಕೆಲಸಕ್ಕೆ ಒದಗುವ ಪಾಲು) 0.8 ಇದ್ದಾಗ ಸುಮಾರು ಶೇ. 3.5 ಇಳಿತ, ಅಂದರೆ 9 ವೋಲ್ಟ್. ಅದೇ ಲೋಡ್ ಪವರ್ ಫ್ಯಾಕ್ಟರ್ 1ರಲ್ಲಿದ್ದರೆ ಇಳಿತ 3–4 ವೋಲ್ಟ್ ಮಾತ್ರ. ಮೋಟರುಗಳಿರುವ ಕಡೆ ವೋಲ್ಟೇಜ್ ಹೆಚ್ಚು ಕುಸಿಯುವುದಕ್ಕೆ ಅರ್ಧ ಕಾರಣ ಇಲ್ಲೇ ಇದೆ.

ಈಗ ಟ್ಯಾಪ್. ಎಲ್‌ಟಿ ಸುರುಳಿಗೆ 40 ಸುತ್ತು ಇದೆ ಎಂದುಕೊಳ್ಳೋಣ. ಆಗ ಮೂರನೇ ಟ್ಯಾಪಿನಲ್ಲಿ ಎಚ್‌ಟಿ ಸುರುಳಿಗೆ 40 × 44 = 1,760 ಸುತ್ತು. ಶೇ. 2.5 ಎಂದರೆ 44 ಸುತ್ತು. ಟ್ಯಾಪ್ 4ಕ್ಕೆ ಹೋದರೆ 44 ಸುತ್ತು ಸರ್ಕ್ಯೂಟಿನಿಂದ ಹೊರಗೆ ಬೀಳುತ್ತದೆ, 1,716 ಉಳಿಯುತ್ತದೆ. ಏಳಕ್ಕೆ ಹೋದರೆ 1,584. ಎಚ್‌ಟಿ ಕಡೆ ಸುತ್ತು ಕಡಿಮೆಯಾದರೆ, ಅದೇ ವೋಲ್ಟೇಜ್ ಕಡಿಮೆ ಸುತ್ತುಗಳಿಗೆ ಹಂಚಿಕೆಯಾಗುತ್ತದೆ. ಒಂದೊಂದು ಸುತ್ತಿನ ಪಾಲಿಗೆ ಹೆಚ್ಚು ವೋಲ್ಟ್ ಬರುತ್ತದೆ. ಎಲ್‌ಟಿಯ 40 ಸುತ್ತುಗಳೂ ಅದೇ ಕೋರಿನ ಮೇಲೆ ಇರುವುದರಿಂದ ಅವುಗಳ ಪಾಲೂ ಏರುತ್ತದೆ. ಟ್ಯಾಪ್ ಮಾಡುವ ಕೆಲಸ ಇಷ್ಟೇ. ಹೊಸ ಶಕ್ತಿಯನ್ನೇನೂ ಅದು ತಂದುಕೊಡುವುದಿಲ್ಲ.

ಟ್ಯಾಪನ್ನು ಎಚ್‌ಟಿ ಕಡೆಯೇ ಇಡುವುದಕ್ಕೆ ಗಟ್ಟಿ ಕಾರಣಗಳಿವೆ. 250 ಕೆವಿಎ ಟಿಸಿಯ ಎಲ್‌ಟಿ ಕಡೆ ಪೂರ್ಣ ಲೋಡಿನಲ್ಲಿ 333 ಆಂಪಿಯರ್ ಹರಿಯುತ್ತದೆ. ಎಚ್‌ಟಿ ಲೈನಿನಲ್ಲಿ 13 ಆಂಪಿಯರ್, ಡೆಲ್ಟಾದ ಸುರುಳಿಯೊಳಗೆ 7.6 ಮಾತ್ರ. 7.6 ಆಂಪಿಯರಿಗೆ ಹೆಬ್ಬೆರಳಿನ ಗಾತ್ರದ ಕಾಂಟ್ಯಾಕ್ಟ್ ಸಾಕು, 333ಕ್ಕೆ ಸಾಲದು. ಎಚ್‌ಟಿ ಸುರುಳಿ ಹೊರಗಡೆ ಇರುವುದರಿಂದ ಅದರಿಂದ ತಂತಿ ಹೊರತೆಗೆಯುವುದೂ ಸುಲಭ; ಎಲ್‌ಟಿ ಸುರುಳಿ ಕೋರಿಗೆ ಅಂಟಿಕೊಂಡು ಒಳಗಿರುತ್ತದೆ. ಜೊತೆಗೆ 40 ಸುತ್ತಿನ ಸುರುಳಿಯಲ್ಲಿ ಒಂದು ಸುತ್ತು ತೆಗೆದರೇ ಶೇ. 2.5 ಹೋಯಿತು, ಅದಕ್ಕಿಂತ ನಯವಾಗಿ ಹೊಂದಿಸಲು ಅಲ್ಲಿ ಜಾಗವೇ ಇಲ್ಲ.

ಟ್ಯಾಪ್ ತಂತಿಗಳನ್ನು ಸುರುಳಿಯ ತುದಿಯಿಂದಲ್ಲ, ನಡುವಿನಿಂದ ತೆಗೆಯುತ್ತಾರೆ. ಸುರುಳಿಯನ್ನು ನಡುವೆ ತುಂಡರಿಸಿ, ಮೇಲಿನ ಅರ್ಧದಿಂದ ನಾಲ್ಕು, ಕೆಳಗಿನ ಅರ್ಧದಿಂದ ನಾಲ್ಕು, ಒಟ್ಟು ಎಂಟು ತಂತಿ ಸ್ವಿಚ್ಚಿಗೆ ಬರುತ್ತವೆ. ಸ್ವಿಚ್ಚು ಪಕ್ಕಪಕ್ಕದ ಎರಡನ್ನು ಬೆಸೆಯುತ್ತದೆ. ಎಂಟು ತಂತಿಗೆ ಏಳು ಜೋಡಿ, ಅದಕ್ಕೇ ಏಳು ಟ್ಯಾಪ್. ಒಂದು ಮೆಟ್ಟಿಲಿಗೆ ಮೇಲಿನ ಅರ್ಧದಿಂದ ಸುತ್ತು ಕಳೆದರೆ ಮುಂದಿನ ಮೆಟ್ಟಿಲಿಗೆ ಕೆಳಗಿನದರಿಂದ. ಹೀಗೆ ನಡುವಿನಿಂದ ಸಮವಾಗಿ ಕಳೆಯದೆ ಒಂದೇ ತುದಿಯಿಂದ ಕಳೆದರೆ ಎಚ್‌ಟಿ ಮತ್ತು ಎಲ್‌ಟಿ ಸುರುಳಿಗಳ ಕಾಂತೀಯ ನಡುಗಳು ಒಂದೇ ಎತ್ತರದಲ್ಲಿ ಉಳಿಯುವುದಿಲ್ಲ. ಎಲ್‌ಟಿ ಲೈನಿನಲ್ಲಿ ಶಾರ್ಟ್ ಆದ ಕ್ಷಣ ಒಂದು ಸುರುಳಿ ಮೇಲಕ್ಕೆ, ಇನ್ನೊಂದು ಕೆಳಕ್ಕೆ ದೂಡಲ್ಪಡುತ್ತದೆ. ರಿಪೇರಿಯಲ್ಲಿ ಸುರುಳಿ ಸುತ್ತುವವರು ಈ ಅಂಶವನ್ನು ಕಡೆಗಣಿಸಿದ ಟಿಸಿಗಳು ಹೆಚ್ಚು ದಿನ ಬಾಳುವುದಿಲ್ಲ.

"ಆಫ್ ಲೋಡ್" ಎಂಬ ಹೆಸರಿನ ಮೋಸ

ಈ ಸ್ವಿಚ್ಚಿಗೆ ಬಾಯಿಮಾತಿನಲ್ಲಿ "ಆಫ್ ಲೋಡ್ ಟ್ಯಾಪ್ ಚೇಂಜರ್" ಎನ್ನುವ ರೂಢಿ ಇದೆ. ಇಷ್ಟು ಅಪಾಯದ ಹೆಸರು ಇನ್ನೊಂದಿಲ್ಲ. ಲೋಡ್ ತೆಗೆದರೆ ಸಾಕು, ಎಲ್‌ಟಿ ಫ್ಯೂಸ್ ಕಿತ್ತು ಹಿಡಿಕೆ ತಿರುಗಿಸಬಹುದು ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ಸರಿಯಾದ ಹೆಸರು "ಆಫ್ ಸರ್ಕ್ಯೂಟ್". ಎಚ್‌ಟಿ ಕಡೆಯೂ ಸತ್ತಿರಬೇಕು, ಎಲ್‌ಟಿ ಕಡೆಯೂ ಸತ್ತಿರಬೇಕು.

ಒಳಗೆ ಆಗುವುದನ್ನು ನೋಡಿದರೆ ಕಾರಣ ತಾನಾಗಿ ಗೊತ್ತಾಗುತ್ತದೆ. ಹಿಡಿಕೆ ಮೂರರಿಂದ ನಾಲ್ಕಕ್ಕೆ ಹೋಗುವಾಗ ನಡುವೆ ಒಂದು ಕ್ಷಣ ಯಾವ ಎರಡು ತಂತಿಗಳೂ ಬೆಸೆದಿರುವುದಿಲ್ಲ. ಎಚ್‌ಟಿ ಸುರುಳಿ ನಡುವೆ ಕಡಿದು ಹೋಗಿರುತ್ತದೆ. ಲೋಡ್ ಇಲ್ಲದಿದ್ದರೂ ಕೋರನ್ನು ಕಾಂತೀಕರಿಸುವ ಕರೆಂಟ್ ಹರಿಯುತ್ತಿರುತ್ತದೆ. ಅದು ಸಣ್ಣದು, ನಿಜ. ಆದರೆ ಅದು ಕಡಿದ ಜಾಗದಲ್ಲಿ ಸಾವಿರಾರು ವೋಲ್ಟ್ ನಿಲ್ಲುತ್ತದೆ. ಕೆಲವೇ ಮಿಲಿಮೀಟರ್ ಅಂತರದಲ್ಲಿ, ಕೈಯ ನಿಧಾನ ವೇಗದಲ್ಲಿ ತೆರೆದುಕೊಳ್ಳುವ ಕಾಂಟ್ಯಾಕ್ಟಿನ ನಡುವೆ ಆರ್ಕ್ ಹತ್ತುತ್ತದೆ. ಆರ್ಕಿನ ಶಾಖಕ್ಕೆ ಎಣ್ಣೆ ಒಡೆದು ಹೈಡ್ರೋಜನ್, ಅಸಿಟಿಲೀನ್ ಅನಿಲಗಳಾಗುತ್ತವೆ. ತೊಟ್ಟಿಯ ಒತ್ತಡ ಏರುತ್ತದೆ. ಹಿಡಿಕೆ ಹಿಡಿದವನು ನಿಂತಿರುವುದು ಆ ತೊಟ್ಟಿಯ ಪಕ್ಕದಲ್ಲೇ.

ಕೆಲಸದ ಕ್ರಮ

ಫೀಡರಿನ (ಸಬ್‌ಸ್ಟೇಷನ್‌ನಿಂದ ಬರುವ 11 ಕೆವಿ ಲೈನಿನ) ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಪಡೆಯದೆ ಏನನ್ನೂ ಮುಟ್ಟುವಂತಿಲ್ಲ. ಎಲ್‌ಸಿ ಸಿಕ್ಕ ಮೇಲೆ ಮೊದಲು ಎಲ್‌ಟಿ ಕಡೆಯ ಫ್ಯೂಸ್ ಅಥವಾ ಬ್ರೇಕರ್ ತೆಗೆದು ಲೋಡ್ ಬಿಡಿಸಬೇಕು, ಆಮೇಲೆ ಜಿಒಎಸ್, ಅಂದರೆ ಮೂರೂ ಫೇಸನ್ನು ಒಟ್ಟಿಗೆ ಬಿಡಿಸುವ ಎಚ್‌ಟಿ ಸ್ವಿಚ್ಚು, ತೆರೆಯಬೇಕು. ಮೂರು ಬ್ಲೇಡುಗಳೂ ತೆರೆದಿವೆಯೇ ಎಂದು ಕಣ್ಣಿನಿಂದ ನೋಡಬೇಕು. ಹಳೆಯ ಜಿಒಎಸ್‌ಗಳಲ್ಲಿ ಹಿಡಿಕೆ ಕೆಳಗಿಳಿದರೂ ಒಂದು ಬ್ಲೇಡು ಅಂಟಿಕೊಂಡೇ ಉಳಿಯುವುದು ಅಪರೂಪವಲ್ಲ. ಎಚ್‌ಟಿ ಫ್ಯೂಸ್ ತೆಗೆದು, ಡಿಟೆಕ್ಟರಿನಿಂದ ಪರೀಕ್ಷಿಸಿ, ಡಿಸ್ಚಾರ್ಜ್ ರಾಡ್ ಹಾಕಿ ಎಚ್‌ಟಿ ಬದಿಯನ್ನು ನೆಲಕ್ಕೆ ಕಟ್ಟಬೇಕು. ಎಲ್‌ಟಿ ಬದಿಗೂ ಅರ್ಥಿಂಗ್ ಬೇಕು. ಯಾವುದೋ ಅಂಗಡಿಯ ಜನರೇಟರ್ ಚೇಂಜ್‌ಓವರ್ ಇಲ್ಲದೆ ಹಿಂದಕ್ಕೆ ಕರೆಂಟ್ ಕೊಟ್ಟರೆ, ಎಲ್‌ಟಿಗೆ ಬಂದ 400 ವೋಲ್ಟನ್ನು ಇದೇ ಟಿಸಿ ಎಚ್‌ಟಿ ಕಡೆ 10,000 ದಾಟಿಸಿಬಿಡುತ್ತದೆ.

ಇಷ್ಟಾದ ಮೇಲೆ ಹಿಡಿಕೆಯ ಬೀಗ ತೆಗೆದು, ಲಾಕ್ ಪಿನ್ ಬಿಡಿಸಿ ತಿರುಗಿಸಬೇಕು. ನೇರವಾಗಿ ಬೇಕಾದ ಟ್ಯಾಪಿಗೆ ಹೋಗಿ ನಿಲ್ಲಿಸುವುದು ಅರ್ಧ ಕೆಲಸ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತ ಕಾಂಟ್ಯಾಕ್ಟಿನ ಮೇಲೆ ಎಣ್ಣೆಯ ಕಿಟ್ಟ ಪದರಗಟ್ಟಿರುತ್ತದೆ. ಮೊದಲ ಟ್ಯಾಪಿನಿಂದ ಕೊನೆಯವರೆಗೆ ನಾಲ್ಕೈದು ಸಲ ಓಡಾಡಿಸಿದರೆ ಉಜ್ಜಿಕೊಂಡು ಲೋಹ ಕಾಣುತ್ತದೆ. ಹಿಡಿಕೆ ಬಿಗಿಯಾಗಿದ್ದರೆ ಪೈಪು ತೂರಿಸಿ ಬಲ ಹಾಕುವುದು ಬೇಡ. ಶಾಫ್ಟ್ ಮುರಿದರೆ, ಇಲ್ಲವೇ ಶಾಫ್ಟಿನ ಗ್ಯಾಸ್ಕೆಟ್ ಹರಿದರೆ ಟಿಸಿಯನ್ನೇ ಇಳಿಸಿ ರಿಪೇರಿಗೆ ಒಯ್ಯಬೇಕಾಗುತ್ತದೆ.

ಕೊನೆಗೆ ಪಿನ್ ತನ್ನ ತೂತಿನಲ್ಲಿ ಪೂರ್ತಿ ಕೂತಿದೆಯೇ ನೋಡಿ. ಟ್ಯಾಪ್ ಸ್ವಿಚ್ಚಿನಿಂದ ಸುಟ್ಟ ಟಿಸಿಗಳಲ್ಲಿ ಈ ಒಂದು ತಪ್ಪು ಮತ್ತೆ ಮತ್ತೆ ಸಿಗುತ್ತದೆ: ಹಿಡಿಕೆ ಎರಡು ಅಂಕಿಗಳ ನಡುವೆ ನಿಂತಿರುತ್ತದೆ. ಕಾಂಟ್ಯಾಕ್ಟಿನ ಅಂಚು ಮಾತ್ರ ತಾಗಿರುತ್ತದೆ. ಚಾರ್ಜ್ ಮಾಡಿದ ದಿನ ಎಲ್ಲವೂ ಸರಿ ಕಾಣುತ್ತದೆ. ಸಂಜೆಯ ಲೋಡಿಗೆ ಆ ಅಂಚು ಕಾಯುತ್ತದೆ, ಎಣ್ಣೆ ಕಪ್ಪಾಗುತ್ತದೆ, ವಾರವೋ ತಿಂಗಳೋ ಕಳೆದ ಮೇಲೆ ಒಂದು ಫೇಸಿನ ಸುರುಳಿ ಬಾಯಿ ಬಿಡುತ್ತದೆ.

ಇನ್ನೊಂದು ಗುಮಾನಿ ಸೂಚಕ ಮುಳ್ಳಿನ ಮೇಲೆ ಇರಬೇಕು. ಶಾಫ್ಟಿನ ಮೇಲೆ ಮುಳ್ಳು ಸಡಿಲವಾಗಿದ್ದರೆ ಹೊರಗೆ 4 ತೋರಿಸುತ್ತಾ ಒಳಗೆ 5ರಲ್ಲಿ ನಿಂತಿರಬಹುದು. ಇದನ್ನು ಕಂಡುಹಿಡಿಯಲು ರೇಷಿಯೊ ಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ದಾರಿ ಇದೆ. ಟಿಸಿಯನ್ನು ಎರಡೂ ಕಡೆ ಬಿಡಿಸಿಟ್ಟು, ಅರ್ಥಿಂಗ್ ತೆಗೆದು, ಎಚ್‌ಟಿ ಬುಷಿಂಗುಗಳಿಗೆ (ತಂತಿ ತೊಟ್ಟಿಯಿಂದ ಹೊರಬರುವ ಪಿಂಗಾಣಿ ಕೊಂಬುಗಳಿಗೆ) 415 ವೋಲ್ಟ್ ತ್ರೀ ಫೇಸ್ ಕೊಟ್ಟು, ಎಲ್‌ಟಿ ಬುಷಿಂಗುಗಳಲ್ಲಿ ಫೇಸಿನಿಂದ ಫೇಸಿಗೆ ಅಳೆಯಬೇಕು. ಟ್ಯಾಪ್ 1ರಲ್ಲಿ ಸುಮಾರು 15.6 ವೋಲ್ಟ್, 3ರಲ್ಲಿ 16.3, 5ರಲ್ಲಿ 17.2, 7ರಲ್ಲಿ 18.2 ಬರಬೇಕು. ಮೆಟ್ಟಿಲಿಗೆ 0.4 ವೋಲ್ಟಿನಷ್ಟು ಏರಿಕೆ ಮೂರೂ ಫೇಸಿನಲ್ಲಿ ಒಂದೇ ರೀತಿ ಇದ್ದರೆ ಸ್ವಿಚ್ಚು ಸರಿ ಇದೆ. ಒಂದು ಫೇಸ್ ಮಾತ್ರ ಬೇರೆ ಹೇಳಿದರೆ ಅದರ ಕಾಂಟ್ಯಾಕ್ಟ್ ಬೇರೆ ಕಡೆ ಕೂತಿದೆ, ಅಥವಾ ಕೂತೇ ಇಲ್ಲ. ಈ ಪರೀಕ್ಷೆಯಲ್ಲಿ 415 ಅನ್ನು ಮರೆತೂ ಎಲ್‌ಟಿ ಕಡೆ ಕೊಡಬೇಡಿ. ಕೊಟ್ಟರೆ ಎಚ್‌ಟಿ ಬುಷಿಂಗಿನಲ್ಲಿ 10 ಕೆವಿಗೂ ಹೆಚ್ಚು ನಿಂತಿರುತ್ತದೆ, ಮೀಟರ್ ಹಿಡಿದವರಿಗೆ ಅದರ ಸುಳಿವೇ ಇರುವುದಿಲ್ಲ.

ಹಳೆಯ ಕೆಲವು ಟಿಸಿಗಳಲ್ಲಿ ಹೊರಗೆ ಹಿಡಿಕೆ ಇರದೆ, ಮುಚ್ಚಳ ತೆಗೆದು ಎಣ್ಣೆಯೊಳಗಿನ ಲಿಂಕುಗಳನ್ನು ಒಂದೊಂದು ಫೇಸಿಗೂ ಬೇರೆ ಬೇರೆ ಬದಲಿಸಬೇಕು. ಒಂದು ನಟ್ ಒಳಗೆ ಬಿದ್ದರೂ ಮುಗಿಯಿತು. ಅದನ್ನು ಕಂಬದ ಮೇಲೆ ಮಾಡುವ ಕೆಲಸವೆಂದು ಎಣಿಸಬಾರದು.

ಚಾರ್ಜ್ ಮಾಡುವಾಗ ಮೊದಲು ಎಚ್‌ಟಿ ಮಾತ್ರ. ಖಾಲಿ ಟಿಸಿಯಲ್ಲಿ ಮೂರು ಫೇಸ್‌–ಫೇಸ್, ಮೂರು ಫೇಸ್‌–ನ್ಯೂಟ್ರಲ್, ಹೀಗೆ ಆರು ಅಂಕಿ ಬರೆದುಕೊಂಡ ಮೇಲೆಯೇ ಎಲ್‌ಟಿ ಫ್ಯೂಸ್ ಹಾಕುವುದು.

ಎಷ್ಟನೇ ಟ್ಯಾಪಿಗೆ?

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿ. ಮಧ್ಯಾಹ್ನ ಹೋಗಿ ಒಮ್ಮೆ ಅಳೆದು, ಅದಕ್ಕೆ ತಕ್ಕಂತೆ ಟ್ಯಾಪ್ ಹಾಕಿ ಬರುವುದು ಸಾಮಾನ್ಯ ಪದ್ಧತಿ. ಒಂದು ಉದಾಹರಣೆಯ ಲೆಕ್ಕ ಹಾಕೋಣ. ಟಿಸಿ ಮೂರನೇ ಟ್ಯಾಪಿನಲ್ಲಿದೆ. ಬೆಳಗಿನ ಹೆಚ್ಚಿನ ಲೋಡಿನ ಹೊತ್ತಿಗೆ ಎಲ್‌ಟಿ ಬುಷಿಂಗಿನಲ್ಲಿ ಫೇಸ್‌–ನ್ಯೂಟ್ರಲ್ 224 ವೋಲ್ಟ್. ಆ ಹೊತ್ತಿನಲ್ಲಿ ಟಿಸಿಯ ಮೇಲೆ ಮೂರನೇ ಎರಡರಷ್ಟು ಲೋಡ್ ಇದ್ದರೆ ಅದರೊಳಗಿನ ಇಳಿತ ಸುಮಾರು 6 ವೋಲ್ಟ್. ಎರಡೂ ಸೇರಿಸಿದರೆ 230. ಅದನ್ನು 44ರಿಂದ ಗುಣಿಸಿ: 10,120. ಎಚ್‌ಟಿ ಕಡೆ ಮೀಟರ್ ಹಿಡಿಯದೆಯೇ ಲೈನಿನ ವೋಲ್ಟೇಜ್ ಸಿಕ್ಕಿತು.

10,120ಕ್ಕೆ ಹತ್ತಿರದ್ದು ಟ್ಯಾಪ್ 6, ಅಂದರೆ 10,175. ಅಲ್ಲಿಗೆ ಹಾಕಿದರೆ ಬೆಳಗಿನ ವೋಲ್ಟೇಜ್ 243ಕ್ಕೆ ಏರುತ್ತದೆ, ಎಲ್ಲರಿಗೂ ಖುಷಿ. ರಾತ್ರಿ ಎರಡು ಗಂಟೆಗೆ ಹೋಗಿ ನೋಡಿ. ಲೋಡ್ ಇಳಿದು ಲೈನಿನಲ್ಲಿ 10,700 ಆಗಿದೆ ಎಂದುಕೊಂಡರೆ, ಆರನೇ ಟ್ಯಾಪಿನಲ್ಲಿ ಮನೆಗೆ 263 ವೋಲ್ಟ್. 1956ರ ವಿದ್ಯುತ್ ನಿಯಮಗಳಿಂದ ಬಂದ ಲೆಕ್ಕದ ಪ್ರಕಾರ ಎಲ್‌ಟಿ ವೋಲ್ಟೇಜ್ ಶೇ. 6ರ ಒಳಗೆ ಆಚೀಚೆ ಇರಬಹುದು. 240 ವೋಲ್ಟಿಗೆ ಅದು 226ರಿಂದ 254. ಎಚ್‌ಟಿಗೆ ಮೇಲಕ್ಕೆ ಶೇ. 6, ಕೆಳಕ್ಕೆ ಶೇ. 9. 263 ಅದರಾಚೆಗಿನ ಅಂಕಿ. ಎಲ್‌ಇಡಿ ಬಲ್ಬುಗಳ ಡ್ರೈವರ್, ಫ್ರಿಜ್ಜಿನ ಬೋರ್ಡು ಹಾಳಾಗುವುದು ಇಂಥ ರಾತ್ರಿಗಳಲ್ಲೇ.

ಅದೇ ಲೆಕ್ಕವನ್ನು ಟ್ಯಾಪ್ 5ಕ್ಕೆ ಹಾಕಿ: ಬೆಳಗ್ಗೆ 236, ರಾತ್ರಿ 256. ಟ್ಯಾಪ್ 4: ಬೆಳಗ್ಗೆ 230, ರಾತ್ರಿ 249. ಬೇಕಾದದ್ದು ನಾಲ್ಕು. ಒಂದೇ ಒಂದು ಮೆಟ್ಟಿಲು, 6 ವೋಲ್ಟ್. ಇದಕ್ಕೆ ಕನಿಷ್ಠ ಎರಡು ಅಳತೆ ಬೇಕು: ಅತಿ ಹೆಚ್ಚು ಲೋಡಿನದೊಂದು, ಅತಿ ಕಡಿಮೆ ಲೋಡಿನದೊಂದು. ಒಂದು ಪೂರ್ತಿ ದಿನದ ದಾಖಲೆ ಇದ್ದರೆ ಇನ್ನೂ ಒಳಿತು. ಪಂಪ್‌ಸೆಟ್ಟಿಗೆ ಬೇರೆ, ಹಳ್ಳಿಯ ಮನೆಗಳಿಗೆ ಬೇರೆ ಫೀಡರ್ ಮಾಡಿದ ನಿರಂತರ ಜ್ಯೋತಿ ಯೋಜನೆಯ ನಂತರ ಮನೆ ಫೀಡರುಗಳಲ್ಲಿ ಈ ಏರಿಳಿತದ ಅಂತರ ಕಿರಿದಾಯಿತು, ಟ್ಯಾಪ್ ಆರಿಸುವುದು ಸುಲಭವಾಯಿತು. ಐಪಿ ಫೀಡರುಗಳಲ್ಲಿ, ಅಂದರೆ ಪಂಪ್‌ಸೆಟ್ಟಿನ ಫೀಡರುಗಳಲ್ಲಿ, ಮಾತ್ರ ತ್ರೀ ಫೇಸ್ ಬಂದ ಗಳಿಗೆಗೆ ಎಲ್ಲ ಮೋಟರುಗಳೂ ಒಟ್ಟಿಗೆ ಎದ್ದು ಕೂರುತ್ತವೆ.

ಹೆಚ್ಚು ಟ್ಯಾಪಿನಿಂದ ಟಿಸಿಗೂ ಪೆಟ್ಟು. ಕೋರಿನ ಕಾಂತೀಯ ಸಾಂದ್ರತೆಯನ್ನು ನಿರ್ಧರಿಸುವುದು ಒಂದು ಸುತ್ತಿನ ಪಾಲಿನ ವೋಲ್ಟ್. ಐಎಸ್ 1180 ಮಾನಕದ ಪ್ರಕಾರ ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿ ಸೇರಿ ಶೇ. 12.5ರಷ್ಟು ಮೇಲೇರಿದರೂ ಈ ಸಾಂದ್ರತೆ 1.9 ಟೆಸ್ಲಾ ದಾಟಬಾರದು. ಅಂದರೆ ಮಾಮೂಲು ಸ್ಥಿತಿಯಲ್ಲಿ 1.69ರ ಒಳಗೆ. ಟ್ಯಾಪ್ 7ರಲ್ಲಿ ಬಿಟ್ಟ ಟಿಸಿಗೆ ರಾತ್ರಿ 11,400 ವೋಲ್ಟ್ ಬಂದರೆ ಶೇ. 15 ಹೆಚ್ಚು. ಅಂಥ ಕೋರು ಗುಂಯ್‌ಗುಡುತ್ತದೆ, ಲೋಡೇ ಇಲ್ಲದೆ ಕಾಯುತ್ತದೆ. ಬೆಳಗಿನ ಜಾವ ಖಾಲಿ ಟಿಸಿ ಗಟ್ಟಿಯಾಗಿ ಗುಂಯ್ ಎನ್ನುತ್ತಿದ್ದರೆ ಮೊದಲು ಟ್ಯಾಪ್ ಸಂಖ್ಯೆ ನೋಡಿ.

ಎರಡು ಟಿಸಿಗಳನ್ನು ಒಂದೇ ಎಲ್‌ಟಿ ಬಸ್ಸಿಗೆ ಜೋಡಿಸಿದ್ದರೆ ಎರಡನ್ನೂ ಒಂದೇ ಟ್ಯಾಪಿನಲ್ಲಿ ಇಡಬೇಕು. ಒಂದು ಮೆಟ್ಟಿಲು ವ್ಯತ್ಯಾಸವಾದರೆ ಆ ಶೇ. 2.5ರ ವೋಲ್ಟೇಜ್ ಎರಡು ಟಿಸಿಗಳ ಒಟ್ಟು ಶೇ. 9 ಇಂಪಿಡೆನ್ಸಿನ ಮೂಲಕ ಕರೆಂಟನ್ನು ಸುತ್ತಿಸುತ್ತದೆ. 250 ಕೆವಿಎ ಜೋಡಿಗೆ ಅದು ಸುಮಾರು 92 ಆಂಪಿಯರ್. ಒಂದೂ ಮನೆಗೆ ತಲುಪದ 92 ಆಂಪಿಯರ್.

ಟ್ಯಾಪಿನಿಂದ ಸರಿಹೋಗದವು

ಟಿಸಿಯ ಬುಡದಲ್ಲಿ 245 ವೋಲ್ಟ್ ಇದ್ದು ಲೈನಿನ ಕೊನೆಯಲ್ಲಿ 200 ಇದ್ದರೆ ತೊಂದರೆ ಟಿಸಿಯದ್ದಲ್ಲ, ತಂತಿಯದ್ದು. 63 ಕೆವಿಎ ಟಿಸಿಯಿಂದ ಒಂದು ಕಿಲೋಮೀಟರ್ ವೀಸೆಲ್ ಎಂಬ ತೆಳು ಅಲ್ಯೂಮಿನಿಯಂ ತಂತಿ ಎಳೆದು ತುದಿಯಲ್ಲಿ 5 ಎಚ್‌ಪಿಯ ಆರು ಪಂಪ್ ಓಡುತ್ತಿವೆ ಎನ್ನಿ. ಒಂದಕ್ಕೆ 7.5 ಆಂಪಿಯರಿನಂತೆ 45 ಆಂಪಿಯರ್. ವೀಸೆಲ್ಲಿನ ರೆಸಿಸ್ಟೆನ್ಸ್ ಕಿಲೋಮೀಟರಿಗೆ 0.93 ಓಮ್, ರಿಯಾಕ್ಟೆನ್ಸ್ 0.35ರ ಹತ್ತಿರ. ಪವರ್ ಫ್ಯಾಕ್ಟರ್ 0.8ರಲ್ಲಿ ಫೇಸಿಗೆ 43 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಟಿಸಿಯೊಳಗಿನ 5 ವೋಲ್ಟ್ ಸೇರಿಸಿ ಕಳೆದರೆ ತುದಿಯಲ್ಲಿ ಉಳಿಯುವುದು 202. ಫೇಸಿನಿಂದ ಫೇಸಿಗೆ 350. 415ರ ಮೋಟರಿಗೆ 350 ಕೊಟ್ಟರೆ ಅದರ ತಿರುಗುಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿದು ಶೇ. 71ಕ್ಕೆ ಬರುತ್ತದೆ. ನೀರೆತ್ತುವ ಭಾರ ಹಾಗೆಯೇ ಇರುವುದರಿಂದ ಮೋಟರು ಹೆಚ್ಚು ಕರೆಂಟ್ ಎಳೆಯುತ್ತದೆ, ಅದರಿಂದ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ.

ಈ ಟಿಸಿಗೆ ಟ್ಯಾಪ್ ಇಲ್ಲ. ಇದ್ದು ಎರಡು ಮೆಟ್ಟಿಲು ಏರಿಸಿದರೂ ತುದಿಗೆ ಸಿಗುವುದು ಸುಮಾರು 13 ವೋಲ್ಟ್. ಪಂಪುಗಳು ನಿಂತ ಕೂಡಲೇ ಟಿಸಿಯ ಪಕ್ಕದ ಮನೆಗೆ 263 ಹೋಗುತ್ತದೆ. ಪಂಪಿಗೆ ಕೆಪಾಸಿಟರ್ ಕಟ್ಟಿ ಪವರ್ ಫ್ಯಾಕ್ಟರನ್ನು 0.95ಕ್ಕೆ ತಂದರೆ ಕರೆಂಟ್ 38ಕ್ಕೆ ಇಳಿದು 5 ವೋಲ್ಟ್ ಉಳಿಯುತ್ತದೆ; ಮಾಡಬೇಕಾದ ಕೆಲಸವೇ, ಆದರೆ ರೋಗಕ್ಕೆ ಅದೊಂದೇ ಮದ್ದಲ್ಲ. ವೀಸೆಲ್ ಬದಲು ಅದಕ್ಕಿಂತ ದಪ್ಪದ ರ‍್ಯಾಬಿಟ್ ತಂತಿ ಹಾಕಿದರೆ 43 ಇದ್ದದ್ದು 29 ಆಗುತ್ತದೆ. ಪಕ್ಕಾ ಪರಿಹಾರ 11 ಕೆವಿಯನ್ನೇ ತುದಿಯವರೆಗೆ ಒಯ್ದು ಅಲ್ಲಿ ಸಣ್ಣ ಟಿಸಿ ನಿಲ್ಲಿಸುವುದು. ಅದೇ ಲೋಡ್ 11 ಕೆವಿಯಲ್ಲಿ 1.8 ಆಂಪಿಯರ್ ಮಾತ್ರ. ಅದೇ ಕಿಲೋಮೀಟರಿನಲ್ಲಿ ಇಳಿತ 6,350ಕ್ಕೆ 2 ವೋಲ್ಟೂ ಇಲ್ಲ.

ಅಂಕಿಗಳು ಫೇಸಿಂದ ಫೇಸಿಗೆ ಬೇರೆಯಾಗಿದ್ದರೂ ಟ್ಯಾಪ್ ಮುಟ್ಟಬಾರದು. ಒಂದು ಫೇಸ್ 180, ಇನ್ನೊಂದು 290, ಲೋಡ್ ಬದಲಾದಂತೆ ಅವೂ ಓಲಾಡುತ್ತಿದ್ದರೆ ನ್ಯೂಟ್ರಲ್ ಕಡಿದಿದೆ ಅಥವಾ ಸಡಿಲವಾಗಿದೆ; ನ್ಯೂಟ್ರಲ್ ಬುಷಿಂಗಿನ ಲಗ್ಗು, ನಂತರ ಲೈನಿನ ಜಂಪರ್ ನೋಡಿ. ಒಂದು ಫೇಸ್ ಸರಿಯಾಗಿ 250, ಉಳಿದೆರಡು ಸುಮಾರು 125 ಇದ್ದರೆ ಎಚ್‌ಟಿ ಫ್ಯೂಸ್ ಒಂದು ಹೋಗಿದೆ. ಡೆಲ್ಟಾದ ಒಂದು ಸುರುಳಿಗೆ ಮಾತ್ರ ಪೂರ್ತಿ ವೋಲ್ಟೇಜ್ ಸಿಕ್ಕಿ, ಉಳಿದೆರಡು ಸರಣಿಯಲ್ಲಿ ನಿಂತು ಅರ್ಧರ್ಧ ಹಂಚಿಕೊಳ್ಳುತ್ತವೆ. ಅಂಥ ಹೊತ್ತಿನಲ್ಲಿ ತ್ರೀ ಫೇಸ್ ಮೋಟರನ್ನು ಓಡಿಸಿದರೆ ಸುಟ್ಟಿತೆಂದೇ ಲೆಕ್ಕ.

ಹಿಂದಿನ ಕೊಂಡಿ: ಸಬ್‌ಸ್ಟೇಷನ್

ಟಿಸಿಗೆ ಬರುವ 11 ಕೆವಿಯನ್ನು ಹೊಂದಿಸುವುದು ಕರ್ನಾಟಕದಲ್ಲಿ ಮಸ್ ಎಂದು ಕರೆಯುವ ಸಬ್‌ಸ್ಟೇಷನ್‌ನ ಪವರ್ ಟ್ರಾನ್ಸ್‌ಫಾರ್ಮರ್. 66 ಅಥವಾ 110 ಕೆವಿಯಿಂದ ಇಳಿಸುವ ಇವುಗಳಲ್ಲಿ ಲೋಡ್ ಇರುವಾಗಲೇ ಟ್ಯಾಪ್ ಬದಲಿಸುವ ಏರ್ಪಾಡು ಇರುತ್ತದೆ. ಮೆಟ್ಟಿಲೂ ಚಿಕ್ಕದು, ಸಾಮಾನ್ಯವಾಗಿ ಶೇ. 1.25. ಇಲ್ಲಿ ಕೆಲಸ ಎರಡು ಪಾಲಾಗಿದೆ. ಸೆಲೆಕ್ಟರ್ ಮುಂದಿನ ಟ್ಯಾಪನ್ನು ಕರೆಂಟಿಲ್ಲದ ಸ್ಥಿತಿಯಲ್ಲಿ ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಡೈವರ್ಟರ್ ಸ್ವಿಚ್ ಬಿಗಿದ ಸ್ಪ್ರಿಂಗಿನ ಬಲದಿಂದ ಒಂದು ಸೆಕೆಂಡಿನ ಸಣ್ಣ ಚೂರಿನೊಳಗೆ ಲೋಡನ್ನು ಹಳೆಯ ಟ್ಯಾಪಿನಿಂದ ಹೊಸದಕ್ಕೆ ದಾಟಿಸುತ್ತದೆ. ದಾಟುವಾಗ ಎರಡೂ ಟ್ಯಾಪುಗಳನ್ನು ರೆಸಿಸ್ಟರುಗಳ ಮೂಲಕ ಒಟ್ಟಿಗೆ ಹಿಡಿಯುವುದರಿಂದ ಸರ್ಕ್ಯೂಟ್ ಕಡಿಯುವುದೂ ಇಲ್ಲ, ಎರಡು ಟ್ಯಾಪುಗಳ ನಡುವಿನ ಸುತ್ತುಗಳು ಶಾರ್ಟೂ ಆಗುವುದಿಲ್ಲ. 1920ರ ದಶಕದಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಯಾನ್ಸೆನ್ ರೂಪಿಸಿದ ಈ ತತ್ವವೇ ಇಂದಿಗೂ ನಡೆದುಬಂದಿದೆ. ಡೈವರ್ಟರಿನಲ್ಲಿ ಪ್ರತಿ ಸಲವೂ ಆರ್ಕ್ ಬರುವುದರಿಂದ ಅದರ ಎಣ್ಣೆ ಬೇಗ ಕಪ್ಪಾಗುತ್ತದೆ. ಅದಕ್ಕಾಗಿ ಆ ಎಣ್ಣೆಯನ್ನು ಮುಖ್ಯ ತೊಟ್ಟಿಯ ಎಣ್ಣೆಯೊಂದಿಗೆ ಬೆರೆಯದಂತೆ ಬೇರೆ ಕೋಣೆಯಲ್ಲಿ ಇಟ್ಟಿರುತ್ತಾರೆ.

ಕಂಟ್ರೋಲ್ ರೂಮಿನ ಆರ್‌ಟಿಸಿಸಿ ಪ್ಯಾನೆಲ್‌ನಲ್ಲಿ (ಟ್ಯಾಪನ್ನು ದೂರದಿಂದ ನಿಯಂತ್ರಿಸುವ ಫಲಕದಲ್ಲಿ) ಈ ಟ್ಯಾಪನ್ನು ಗುಂಡಿ ಒತ್ತಿ ಬದಲಿಸಬಹುದು, ರಿಲೇಯ ಕೈಗೂ ಬಿಡಬಹುದು. ರಿಲೇಗೆ ಕೊಡುವ ಪಟ್ಟಿ, ಅಂದರೆ ಎಷ್ಟು ವ್ಯತ್ಯಾಸದವರೆಗೆ ಸುಮ್ಮನಿರಬೇಕು ಎಂಬುದು, ಒಂದು ಮೆಟ್ಟಿಲಿಗಿಂತ ಅಗಲವಾಗಿರಬೇಕು. ಕಿರಿದಾದರೆ ಏರಿಸಿದ ತಕ್ಷಣ ಹೆಚ್ಚಾಯಿತೆಂದು ಇಳಿಸುತ್ತದೆ, ಇಳಿಸಿದ ತಕ್ಷಣ ಏರಿಸುತ್ತದೆ. ಹೀಗೆ ಬೇಟೆಯಾಡುತ್ತಲೇ ಡೈವರ್ಟರನ್ನು ಸವೆಸಿಬಿಡುತ್ತದೆ.

ಆದ್ದರಿಂದ ಒಂದು ಫೀಡರಿನ ಹತ್ತಾರು ಟಿಸಿಗಳಿಂದ ಒಂದೇ ಬಗೆಯ ದೂರು ಬರುತ್ತಿದ್ದರೆ ಜಿಒಎಸ್ ತೆರೆಯುವ ಮೊದಲು ಮಸ್‌ಗೆ ಫೋನ್ ಮಾಡಿ 11 ಕೆವಿ ಬಸ್ಸಿನಲ್ಲಿ ಎಷ್ಟಿದೆ, ಟ್ಯಾಪ್ ಎಷ್ಟರಲ್ಲಿದೆ, ರಿಲೇ ಆಟೋದಲ್ಲಿದೆಯೋ ಮ್ಯಾನ್ಯುಯಲ್‌ನಲ್ಲೋ ಎಂದು ಕೇಳಬೇಕು. ಅಲ್ಲಿ ಮ್ಯಾನ್ಯುಯಲ್‌ನಲ್ಲಿ ಮರೆತು ಬಿಟ್ಟ ಟ್ಯಾಪಿಗೆ ಸರಿಹೊಂದಿಸಲು ಇಲ್ಲಿ ಹತ್ತು ಟಿಸಿಗಳ ಟ್ಯಾಪ್ ಏರಿಸಿದರೆ, ನಾಳೆ ಅಲ್ಲಿಯವರು ತಮ್ಮದನ್ನು ಸರಿಪಡಿಸಿದ ದಿನ ಹತ್ತೂ ಟಿಸಿಗಳ ಊರಿಗೆ 260 ವೋಲ್ಟ್ ಹೋಗುತ್ತದೆ.

ಮಾಳಿಗೆ ಸೋಲಾರ್ ಹೆಚ್ಚಿರುವ ಬಡಾವಣೆಗಳಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಹೊತ್ತು ಸೇರಿಕೊಂಡಿದೆ. ಮಧ್ಯಾಹ್ನ ಮನೆಗಳಿಂದಲೇ ಕರೆಂಟ್ ಟಿಸಿಯ ಕಡೆ ಹರಿಯುವಾಗ ಲೈನಿನ ಕೊನೆಯ ವೋಲ್ಟೇಜ್ ಬುಡಕ್ಕಿಂತ ಹೆಚ್ಚಿರುತ್ತದೆ. ಇನ್ವರ್ಟರುಗಳು ಹೆಚ್ಚು ವೋಲ್ಟೇಜ್ ಎಂದು ತಾವೇ ಬಿಟ್ಟುಕೊಳ್ಳುತ್ತವೆ. ಅಂಥ ಕಡೆ ರಾತ್ರಿಯ ಅಳತೆಯ ಜೊತೆಗೆ ಬಿಸಿಲಿನ ರಜಾದಿನದ ಮಧ್ಯಾಹ್ನದ ಅಳತೆಯೂ ಬೇಕು, ಅದನ್ನು ಲೈನಿನ ಕೊನೆಯ ಕಂಬದಲ್ಲೇ ತೆಗೆಯಬೇಕು. ಜರ್ಮನಿಯಲ್ಲಿ ಇದಕ್ಕೆಂದೇ ಲೋಡಿನಲ್ಲೇ ಟ್ಯಾಪ್ ಬದಲಿಸುವ ವಿತರಣಾ ಟ್ರಾನ್ಸ್‌ಫಾರ್ಮರುಗಳು ಬಳಕೆಯಲ್ಲಿವೆ. ನಮ್ಮ ಬೀದಿಯ ಟಿಸಿಯ ಹಿಡಿಕೆ ಕೈಯಿಂದ, ಕರೆಂಟ್ ತೆಗೆದು ತಿರುಗಿಸುವಂಥದ್ದು. ಬದಲಿಸಿದ ದಿನಾಂಕ, ಹಳೆಯ ಟ್ಯಾಪ್, ಹೊಸ ಟ್ಯಾಪ್, ಅಳೆದ ಆರು ಅಂಕಿಗಳನ್ನು ಟಿಸಿಯ ರಿಜಿಸ್ಟರಿನಲ್ಲಿ ಬರೆದಿಟ್ಟರೆ ಮುಂದೆ ಬರುವ ಲೈನ್‌ಮ್ಯಾನ್ ಮತ್ತೆ ಮೊದಲಿನಿಂದ ಊಹಿಸಬೇಕಾಗಿಲ್ಲ.